ಚೆಂಡುಹೂವಿನ ಪಾತಿಯಲ್ಲಿ ಅಹಿಂಸಾಣುವ್ರತ

ಗೃಹಸ್ಥನಾದವನು ಅಹಿಂಸೆಯನ್ನು ಎಷ್ಟರಮಟ್ಟಿಗೆ ಪಾಲಿಸಬಲ್ಲನೆಂಬ ಪ್ರಶ್ನೆಯನ್ನು ನಮ್ಮ ಆಚಾರ್ಯರು ಬಹು ಆಳವಾಗಿ ವಿಚಾರಿಸಿದ್ದಾರೆ. ಒಲೆ ಹೊತ್ತಿಸುವವನು, ನೆಲ ಗುಡಿಸುವವನು, ಕಾಳು ಕುಟ್ಟುವವನು, ವ್ಯಾಪಾರ ಮಾಡುವವನು ಮುನಿಗಳಂತೆ ಸಕಲ ಹಿಂಸೆಯಿಂದ ನಿವೃತ್ತನಾಗಲಾರ. ಆದುದರಿಂದಲೇ ಅವನಿಗೆ ವಿಧಿಸಿದ್ದು ಮಹಾವ್ರತವಲ್ಲ, ಅಣುವ್ರತ. ಇದು ನಮಗೆಲ್ಲರಿಗೂ ತಿಳಿದ ವಿಷಯ. ಆದರೆ ತಿಳಿದ ವಿಷಯವೇ ಒಂದು ದಿನ ನಮ್ಮ ಹಿತ್ತಲಿನಲ್ಲಿ ಪ್ರಶ್ನೆಯಾಗಿ ಎದುರು ನಿಂತಾಗ, ಅದುವರೆಗೆ ನಾವು ಅರಿತದ್ದು ಎಷ್ಟು, ಕೇವಲ ಬಾಯಿಪಾಠ ಮಾಡಿದ್ದು ಎಷ್ಟು ಎಂಬುದು ಬಯಲಾಗುತ್ತದೆ. ನನಗೆ ಅಂತಹ ಪ್ರಸಂಗ ಒದಗಿದ್ದು ಚೆಂಡುಹೂವಿನ ಪಾತಿಯಲ್ಲಿ. ನಾನು ಪಂಡಿತನಲ್ಲ. ಬಿ.ಕಾಂ. ಓದಿ, ತಂದೆಯವರ ಜವಳಿ ಅಂಗಡಿಯಲ್ಲಿ ಕುಳಿತು, ಬಿಡುವಿದ್ದಾಗ ಶ್ರಾವಕಾಚಾರದ ಗ್ರಂಥಗಳನ್ನು ತಿರುವಿಹಾಕಿದವನು. ಆದುದರಿಂದ ಇಲ್ಲಿ ಬರೆಯುವುದು ಉಪದೇಶವಲ್ಲ, ನನ್ನದೇ ಲೆಕ್ಕದ ಪರಿಶೋಧನೆ ಎಂದು ವಾಚಕರು ಭಾವಿಸಬೇಕು.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಪೇಟೆ. ಮನೆಯ ಹಿಂದೆ 30 ಅಡಿ ಉದ್ದ, 15 ಅಡಿ ಅಗಲದ ಹಿತ್ತಲಿದೆ. ಅಲ್ಲಿ ಪ್ರತಿವರ್ಷವೂ ಜ್ಯೇಷ್ಠ ಮಾಸದಲ್ಲಿ ಚೆಂಡುಹೂವಿನ ಬೀಜ ಬಿತ್ತುವುದು ನಮ್ಮ ತಾಯಿಯವರ ಕಾಲದಿಂದ ಬಂದ ರೂಢಿ. ಬಿತ್ತಿದ ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ತಿಂಗಳ ಸಸಿಯನ್ನು ಕಿತ್ತು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರ ಬಿಟ್ಟು ಪಾತಿಯಲ್ಲಿ ನಾಟಿ ಮಾಡಿದರೆ, ಭಾದ್ರಪದದ ಹೊತ್ತಿಗೆ ಹೂವು ಬರುತ್ತದೆ. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಆ ಹತ್ತು ದಿನವೂ ಬಸದಿಗೆ ನಮ್ಮ ಮನೆಯಿಂದ ಹೂವು ಹೋಗಬೇಕು. ಇದು ಭಕ್ತಿಯಾಗಿ ಆರಂಭವಾದದ್ದು. ವರ್ಷಗಳು ಕಳೆದಂತೆ ಅದರೊಳಗೆ ಇನ್ನೊಂದು ವಸ್ತು ಸೇರಿಕೊಂಡಿತ್ತು. ಅದೇನೆಂಬುದು ನನಗೆ ತಡವಾಗಿ ತಿಳಿಯಿತು.

ಕೆಲವು ವರ್ಷಗಳ ಹಿಂದೆ ಪರ್ವಕ್ಕೆ ವಾರವಿರುವಾಗ ಮಳೆ ಕೈಕೊಟ್ಟು ಬಿಸಿಲು ಬಲವಾಯಿತು. ಇಂತಹ ಒಣಹವೆಯಲ್ಲಿ ಚೆಂಡುಹೂವಿನ ಗಿಡಕ್ಕೆ ಕೆಂಪು ನುಸಿ ಹತ್ತುವುದು ಸಹಜ. ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣಿಸದಷ್ಟು ಸಣ್ಣ ಜೀವಿಗಳು ರಸ ಹೀರುತ್ತವೆ. ಎಲೆಯಲ್ಲಿ ಮಸುಕಾದ ಚುಕ್ಕೆಗಳು ಮೂಡುತ್ತವೆ. ಹೆಚ್ಚಾದಾಗ ಮೊಗ್ಗಿನ ಸುತ್ತ ಜೇಡನ ಬಲೆಯಂತಹ ನವುರಾದ ನೂಲು ಕಟ್ಟುತ್ತದೆ. ನನಗೆ ಗಾಬರಿಯಾಯಿತು. ಪೇಟೆಯ ಅಂಗಡಿಯೊಂದಕ್ಕೆ ಹೋಗಿ ಸಣ್ಣ ಸೀಸೆಯೊಂದನ್ನು ತಂದೆ. ಬೆಳಿಗ್ಗೆ ಹೂವರಳಿದ ಹೊತ್ತಿನಲ್ಲಿ, ತಿಳಿಯದೆ ಎನ್ನಲಾರೆ, ಅವಸರದಲ್ಲಿ, ಇಡೀ ಪಾತಿಗೆ ಸಿಂಪಡಿಸಿದೆ. ಮರುದಿನ ಗಿಡಗಳ ಬುಡದಲ್ಲಿ ಹನ್ನೊಂದು ತುಡುವೆ ಜೇನುನೊಣಗಳು, ಒಂದು ಚಿಟ್ಟೆ ಸತ್ತು ಬಿದ್ದಿದ್ದವು. ಲೆಕ್ಕ ಹಾಕಿದ್ದು ಅಭ್ಯಾಸಬಲದಿಂದ. ಅವುಗಳನ್ನು ಮಣ್ಣಿನಲ್ಲಿ ಮುಚ್ಚಿ ಹೂವು ಬಿಡಿಸಿದೆ. ಪಂಚಮಿಯ ದಿನ ಬಸದಿಯ ಪುರೋಹಿತರು ಬುಟ್ಟಿಯನ್ನು ತೆಗೆದುಕೊಂಡು, "ಈ ಸಲ ನಿಮ್ಮ ಹೂವಿನಲ್ಲಿ ಒಂದು ಹುಳುವೂ ಇಲ್ಲ ಶೆಟ್ಟರೇ" ಎಂದು ಸಂತೋಷದಿಂದ ಹೇಳಿದರು. ಅಂದಿನ ಪೂಜೆಯ ಯಾವ ಮಂತ್ರವೂ ನನ್ನ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ನೀರು ಸೋಸುವ ಬಟ್ಟೆಯನ್ನು ಹಿಂಡುತ್ತಿದ್ದಳು. ಸ್ವಾಮಿಯ ಪೂಜೆಗೆಂದು ಮಾಡಿದ ಕೆಲಸದಲ್ಲಿ ಹೀಗಾಯಿತು ಎಂದು ನಾನೆಂದೆ. ಆಕೆ ತಲೆಯೆತ್ತದೆ, "ಸ್ವಾಮಿಯ ಹೆಸರು ಹೇಳಬೇಡಿ. ಹೂವು ನಾಲ್ಕು ಕಡಿಮೆಯಾಗಿದ್ದರೆ ಸ್ವಾಮಿಗೇನೂ ಆಗುತ್ತಿರಲಿಲ್ಲ, ನಮಗೆ ಆಗುತ್ತಿತ್ತು" ಎಂದಳು. ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಸಮಸ್ತ ಜೀವಿಗಳಲ್ಲಿಯೂ ಕ್ಷಮೆ ಬೇಡುವ ಆ ದಿನ ಬೀದಿಯ ಬಂಧುಗಳಿಗೆಲ್ಲ ಕೈಮುಗಿದು ಬಂದೆ. ಹಿತ್ತಲಿನ ಬಾಗಿಲನ್ನು ಮಾತ್ರ ತೆರೆಯಲಾಗಲಿಲ್ಲ.

ಆಗ ನನ್ನ ಮನಸ್ಸು ಮಾಡಿದ ಮೊದಲ ಕೆಲಸವೇನೆಂದರೆ, ಈ ಹಿಂಸೆಯನ್ನು ಯಾವ ಖಾತೆಗೆ ಬರೆಯಬೇಕೆಂದು ಹುಡುಕಿದ್ದು. ಹಿಂಸೆಯಲ್ಲಿ ನಾಲ್ಕು ಬಗೆಯೆಂದು ನಾವು ಓದಿದ್ದೇವೆ. ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವುದು ಸಂಕಲ್ಪೀ. ಅಡುಗೆ, ಶುಚಿ ಮೊದಲಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ರಕ್ಷಣೆಗಾಗಿ ಎದುರಿಸುವಾಗ ಆಗುವುದು ವಿರೋಧೀ. ಇವುಗಳಲ್ಲಿ ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕು, ಉಳಿದವನ್ನು ಶಕ್ತಿಮೀರಿ ಕಡಿಮೆ ಮಾಡಬೇಕು. ತೋಟಗಾರಿಕೆ ಗೃಹಕೃತ್ಯ, ಆದುದರಿಂದ ಇದು ಆರಂಭೀ ಎಂದು ಒಮ್ಮೆ ವಾದಿಸಿದೆ. ನುಸಿಯು ಗಿಡದ ಮೇಲೆ ದಾಳಿ ಮಾಡಿತು, ಆದುದರಿಂದ ವಿರೋಧೀ ಎಂದು ಇನ್ನೊಮ್ಮೆ. ಜೇನುನೊಣವನ್ನು ಕೊಲ್ಲುವ ಉದ್ದೇಶವಿರಲಿಲ್ಲ, ಆದುದರಿಂದ ಸಂಕಲ್ಪೀ ಅಲ್ಲವೇ ಅಲ್ಲ ಎಂದು ಮತ್ತೊಮ್ಮೆ. ಮೂವತ್ತೈದು ವರ್ಷ ಲೆಕ್ಕಪುಸ್ತಕ ಬರೆದವನಿಗೆ ಈ ಚಾತುರ್ಯ ಅಪರಿಚಿತವಲ್ಲ. ತೋರಿಸಬಾರದ ವೆಚ್ಚವನ್ನು ತೋರಿಸಬಹುದಾದ ಶೀರ್ಷಿಕೆಯ ಕೆಳಗೆ ಸೇರಿಸಿದರೆ ಮೊತ್ತ ತಾಳೆಯಾಗುತ್ತದೆ. ಹೋದ ಹಣ ಮಾತ್ರ ಹಿಂದಿರುಗುವುದಿಲ್ಲ. ನುಸಿಯನ್ನು ಕೊಲ್ಲಲೆಂದೇ ಸೀಸೆ ತಂದೆನಲ್ಲ, ಅದು ಸಂಕಲ್ಪವಲ್ಲದೆ ಮತ್ತೇನು? ಆಚಾರ್ಯರು ಹಿಂಸೆಯನ್ನು ವಿಂಗಡಿಸಿದ್ದು ಗೃಹಸ್ಥನು ಎಲ್ಲಿಂದ ಬಿಡಲು ಆರಂಭಿಸಬೇಕೆಂಬುದನ್ನು ತೋರಿಸಲು. ನಾನು ಅದನ್ನು ಅಡಗಿಕೊಳ್ಳುವ ಕೋಣೆಯಾಗಿ ಮಾಡಿಕೊಂಡಿದ್ದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಪ್ರಮಾದವೆಂದರೆ ಕೇವಲ ಮರೆವಲ್ಲ, ಕಷಾಯದಿಂದ ಮಂಕಾದ ಎಚ್ಚರ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇದೇ ತತ್ತ್ವವನ್ನು ಇನ್ನೂ ನಿಷ್ಠುರವಾಗಿ ಪ್ರತಿಪಾದಿಸುತ್ತಾರೆ: ಜೀವಿ ಸತ್ತರೂ ಬದುಕಿದರೂ ಅಯತ್ನಾಚಾರಿಗೆ ಹಿಂಸೆ ನಿಶ್ಚಿತ, ಎಚ್ಚರದಿಂದ ನಡೆಯುವವನಿಗೆ ಹಿಂಸಾಮಾತ್ರದಿಂದ ಬಂಧವಿಲ್ಲ. ಈ ಮಾತಿನ ಎರಡನೆಯ ಅರ್ಧವನ್ನು ನಾವು ಗೃಹಸ್ಥರು ಬಹು ಪ್ರೀತಿಯಿಂದ ಉದ್ಧರಿಸುತ್ತೇವೆ. ಅದು ಸಮಿತಿಗಳನ್ನು ಪಾಲಿಸುವ ಮುನಿಯನ್ನು ಕುರಿತ ಮಾತು ಎಂಬುದನ್ನು ಮರೆಯುತ್ತೇವೆ. ನಮಗೆ ಹೆಚ್ಚು ಸಲ್ಲುವುದು ಮೊದಲನೆಯ ಅರ್ಧ. ನನ್ನ ಸಂದರ್ಭದಲ್ಲಿ ಎಚ್ಚರವನ್ನು ಮಂಕಾಗಿಸಿದ ಕಷಾಯ ಯಾವುದು? ಕ್ರೋಧವಲ್ಲ, ನುಸಿಯ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಅದು ಮಾನಕಷಾಯ. ಊರಿನಲ್ಲಿ ನಮ್ಮ ಮನೆಯ ಹೂವೇ ಶ್ರೇಷ್ಠವೆನಿಸಬೇಕೆಂಬ ಹಂಬಲ ಭಕ್ತಿಯ ಬುಟ್ಟಿಯಲ್ಲಿ ಎಂದೋ ಸೇರಿಕೊಂಡಿತ್ತು. ಹೆಂಡತಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ನಾನು ಗ್ರಂಥಗಳ ಮೂಲಕ ಸುತ್ತಿ ಬಂದು ಕಂಡುಕೊಂಡೆ.

ಪ್ರಾಯಶ್ಚಿತ್ತವೆಂದು ಮರುವರ್ಷ ಬೀಜ ಬಿತ್ತಲಿಲ್ಲ. ಪರ್ವಕ್ಕೆ ಸಂತೆಯಿಂದ ಹೂವು ಕೊಂಡೆ. ಮಾರುವ ರೈತನೊಡನೆ ಮಾತಿಗೆ ಮಾತು ಬಂದಾಗ ಆತ, "ವಾರಕ್ಕೊಂದು ಸಲ ಔಷಧಿ ಹೊಡೆಯದಿದ್ದರೆ ಇಂಥ ಹೂವು ಬರೋದಿಲ್ಲ ಸ್ವಾಮಿ" ಎಂದ. ನಾವು ವಿಷಕ್ಕೆ ಔಷಧಿ ಎಂದು ಹೆಸರಿಟ್ಟು ಎಷ್ಟು ಕಾಲವಾಯಿತು! ಆತನನ್ನು ನಾನು ದೂಷಿಸಲಾರೆ. ಆತನದು ಹೊಟ್ಟೆಯ ಪ್ರಶ್ನೆ, ಮತ್ತು ಹುಳುಕಿಲ್ಲದ ಹೂವನ್ನೇ ಆರಿಸಿ ಕೊಳ್ಳುವವರು ನಾವು. ಆದರೆ ಕೃತ, ಕಾರಿತ, ಅನುಮೋದಿತ ಎಂದು ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುತ್ತದೆಂದು ಓದಿದವನು, ತಾನು ಸಿಂಪಡಿಸದೆ ಇನ್ನೊಬ್ಬನಿಂದ ಸಿಂಪಡಿಸಿಸಿದರೆ ಶುದ್ಧನಾದೆನೆಂದು ಭಾವಿಸಬಹುದೇ? ನನ್ನ ಹಿತ್ತಲಿನ ಹನ್ನೊಂದು ನೊಣಗಳನ್ನಾದರೂ ನಾನು ಕಂಡಿದ್ದೆ. ಕೊಂಡ ಹೂವಿನ ಹಿಂದಿನ ಸಾವು ಕಣ್ಣಿಗೆ ಬೀಳಲೂ ಇಲ್ಲ. ಬೆಳೆಯದಿರುವುದರಿಂದ ಹಿಂಸೆ ನಿಂತಿರಲಿಲ್ಲ, ನನ್ನ ಕಣ್ಣಿನಿಂದ ಮರೆಯಾಗಿತ್ತು ಅಷ್ಟೆ.

ಹಾಗಾದರೆ ಹೂವನ್ನೇ ಬಿಟ್ಟುಬಿಡಬಾರದೇ ಎಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಉತ್ತರ ಭಾರತದ ದಿಗಂಬರರಲ್ಲಿ ತೇರಾಪಂಥದ ಬಂಧುಗಳು ಸಚಿತ್ತ ಪುಷ್ಪವನ್ನು ತ್ಯಜಿಸಿ ಕೇಸರಿಯಲ್ಲಿ ಬಣ್ಣ ಕಟ್ಟಿದ ಅಕ್ಕಿಯನ್ನೇ ಪುಷ್ಪವೆಂದು ಅರ್ಪಿಸುತ್ತಾರೆ. ನಮ್ಮ ದಕ್ಷಿಣದ ಬಸದಿಗಳಲ್ಲಿ ಹೂವಿನ ಅರ್ಚನೆ ಪರಂಪರೆಯಾಗಿ ನಡೆದುಬಂದಿದೆ. ಈ ಎರಡು ಪದ್ಧತಿಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಜರೆಯುವ ಅಧಿಕಾರ ನನಗಿಲ್ಲ. ಬಿಡಬಲ್ಲವರು ಬಿಡಲಿ, ಅವರಿಗೆ ನಮಸ್ಕಾರ. ಸಮಂತಭದ್ರಾಚಾರ್ಯರು ಸ್ವಯಂಭೂಸ್ತೋತ್ರದಲ್ಲಿ, ಜಿನಪೂಜೆಯಲ್ಲಿ ಆಗುವ ಲೇಶಮಾತ್ರ ಸಾವದ್ಯವು ಪುಣ್ಯರಾಶಿಯನ್ನು ಕೆಡಿಸದು, ವಿಷದ ಕಣವೊಂದು ಸಮುದ್ರವನ್ನು ಕೆಡಿಸದಂತೆ ಎಂಬ ಅಭಿಪ್ರಾಯ ನೀಡಿದ್ದಾರೆ. ಹೂವು ಅರ್ಪಿಸುವವನಿಗೆ ಇದು ದೊಡ್ಡ ಸಮಾಧಾನ. ಆದರೆ ಅಲ್ಲಿ ಲೇಶ ಎಂಬ ಶಬ್ದವಿದೆ. ನಾನು ತಂದ ಸೀಸೆ ಲೇಶದ ಮಿತಿಯನ್ನು ದಾಟಿತ್ತು.

ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅರ್ಹತ್ಪೂಜೆಯ ಮಹಿಮೆಗೆ ಕೊಟ್ಟ ದೃಷ್ಟಾಂತವು ಚಕ್ರವರ್ತಿಯದಲ್ಲ, ರಾಜಗೃಹದ ಒಂದು ಕಪ್ಪೆಯದು. ಭಗವಾನ್ ಮಹಾವೀರರ ದರ್ಶನಕ್ಕೆಂದು ಆನಂದದಿಂದ ಹೊರಟ ಆ ಕಪ್ಪೆಯ ಬಳಿಯಿದ್ದದ್ದು ಒಂದೇ ಹೂವು. ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕು ಸತ್ತು ದೇವನಾಗಿ ಹುಟ್ಟಿತೆಂದು ಕಥೆ. ಚಿಕ್ಕಂದಿನಿಂದ ಕೇಳಿದ ಈ ಕಥೆಯಲ್ಲಿ ನಾನು ಗಮನಿಸದೆ ಬಿಟ್ಟದ್ದು ಆ ಒಂದೇ ಹೂವನ್ನು. ಪೂಜೆಗೆ ಒಂದು ಸಾಕೆಂದಮೇಲೆ ಬುಟ್ಟಿ ಯಾತಕ್ಕೆ? ಅದಲ್ಲದೆ, ಚೆಂಡುಹೂವು ಈ ನೆಲದ ಮೂಲದ್ದೂ ಅಲ್ಲ. ಆಫ್ರಿಕನ್, ಫ್ರೆಂಚ್ ಎಂಬ ಹೆಸರುಗಳಿದ್ದರೂ ಅದರ ತವರು ಮೆಕ್ಸಿಕೊ. 1492ರಲ್ಲಿ ಕೊಲಂಬಸ್ ಅಮೆರಿಕೆಯನ್ನು ಮುಟ್ಟಿದ ಅನಂತರವಷ್ಟೇ ಅದು ಸಮುದ್ರ ದಾಟಿ ಇತ್ತ ಬಂದಿತು. ಪಂಪ ರನ್ನರ ಕಾಲದ ಬಸದಿಗಳಲ್ಲಿ ಈ ಹೂವಿಲ್ಲದೆಯೇ ಪೂಜೆ ನಡೆದಿದೆ. ಯಾವುದಿಲ್ಲದಿದ್ದರೆ ಪರ್ವವೇ ಇಲ್ಲವೆಂದು ನಾನು ಚಡಪಡಿಸಿದೆನೋ, ಅದು ನಮ್ಮ ಪರಂಪರೆಯ ವಯಸ್ಸಿನ ಮುಂದೆ ನಿನ್ನೆಯ ಅತಿಥಿ.

ಒಂದು ವರ್ಷದ ಅನಂತರ ಮತ್ತೆ ಬೀಜ ಬಿತ್ತಿದೆ, ಆದರೆ ಕೆಲವು ನಿಯಮಗಳೊಡನೆ. ಇವು ಶಾಸ್ತ್ರವಿಧಿಗಳಲ್ಲ, ನನ್ನ ಪ್ರಯೋಗಗಳು.

ಮೊದಲನೆಯದು ಮಣ್ಣಿನದು. ಮಳೆಗಾಲದಲ್ಲಿ ನೆಲವೆಲ್ಲ ಜೀವರಾಶಿಯಿಂದ ತುಂಬುತ್ತದೆಂದೇ ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳುತ್ತಾರೆ. ನಾವಾದರೋ ಅದೇ ಕಾಲದಲ್ಲಿ ಗುದ್ದಲಿ ಹಿಡಿಯುತ್ತೇವೆ. ಈಗ ಯುಗಾದಿ ಕಳೆದೊಡನೆ, ನೆಲ ಒಣಗಿರುವಾಗ, ಎರೆಹುಳುಗಳು ತೇವವನ್ನರಸಿ ಕೆಳಗಿಳಿದಿರುವಾಗ ಪಾತಿ ಅಗೆದು ಗೊಬ್ಬರ ಬೆರೆಸಿ ಇಡುತ್ತೇನೆ. ಆಷಾಢದಲ್ಲಿ ಸಸಿಯ ಬೇರಿಗೆ ಬೇಕಾದಷ್ಟೇ ಕುಳಿಯನ್ನು ಕೈಯಿಂದ ಮಾಡುತ್ತೇನೆ, ಗುದ್ದಲಿ ಮುಟ್ಟುವುದಿಲ್ಲ. ಕಳೆ ಹೆಚ್ಚದಂತೆ ಒಣ ಎಲೆ ಹೊದಿಸುತ್ತೇನೆ.

ಎರಡನೆಯದು ಆಹಾರದ್ದು. ಚೆಂಡುಹೂವಿನ ಗಿಡಕ್ಕೆ ದಿನಕ್ಕೆ ಆರೆಂಟು ಗಂಟೆ ಬಿಸಿಲು ಬೇಕು, ಗೊಬ್ಬರ ಮಿತವಾಗಿ ಸಾಕು. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ಹೂವು ಕಡಿಮೆಯಾಗುತ್ತದೆ, ಆ ಮೆತ್ತನೆಯ ಚಿಗುರಿಗೆ ಹೇನು ಮುತ್ತುತ್ತದೆ. ಹುಳುವನ್ನು ಆಹ್ವಾನಿಸುವುದು ನಮ್ಮ ಅತಿಯಾಸೆ, ಅನಂತರ ಅದನ್ನು ಕೊಲ್ಲುವುದೂ ಅದೇ ಆಸೆ. ನೀರನ್ನು ಬೆಳಿಗ್ಗೆ ಬೆಳಕು ಮೂಡಿದ ಮೇಲೆ ಬುಡಕ್ಕೆ ಮಾತ್ರ ಹಾಕುತ್ತೇನೆ. ಕತ್ತಲಲ್ಲಿ ಹಾಕಿದರೆ ಯಾವ ಜೀವಿಯ ಮೇಲೆ ಬೀಳುತ್ತದೆಂದು ಕಾಣದು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದೂ ಉಂಟು.

ಮೂರನೆಯದು ಕೀಟಗಳದು. ಒಣಹವೆಯಲ್ಲಿ ನುಸಿ ಕಂಡಾಗ ಎಲೆಯ ಕೆಳಭಾಗಕ್ಕೆ ಬರಿಯ ನೀರನ್ನು ಎರಚಿದರೆ ಅದರ ಹಾವಳಿ ಬಹುಮಟ್ಟಿಗೆ ತಗ್ಗುತ್ತದೆ. ಇದರಿಂದ ಅವುಗಳಿಗೆ ನೋವೇ ಇಲ್ಲವೆಂದು ಹೇಳಲಾರೆ, ವಿಷಕ್ಕಿಂತ ಕಡಿಮೆಯೆಂದು ಮಾತ್ರ ಹೇಳಬಲ್ಲೆ. ವಿಷವು ನುಸಿಯನ್ನು ತಿನ್ನುವ ಬೇರೆ ಸಣ್ಣ ಕೀಟಗಳನ್ನೂ ಕೊಲ್ಲುವುದರಿಂದ, ಮುಂದೆ ನುಸಿಯೇ ಮತ್ತಷ್ಟು ಹೆಚ್ಚುವುದೂ ಉಂಟು. ಬೇವಿನ ಕಷಾಯವನ್ನು ಅನೇಕರು ಅಹಿಂಸೆಯ ಮದ್ದೆಂದು ಹೊಗಳುತ್ತಾರೆ. ಬೇವು ಹುಳುವಿನ ಹಸಿವನ್ನು ಕೆಡಿಸುತ್ತದೆ, ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಮರದಿಂದ ಬಂದದ್ದೆಂಬ ಮಾತ್ರಕ್ಕೆ ಅದು ಅಹಿಂಸೆಯಾಗದು. ಮೊಗ್ಗು ಕೊರೆಯುವ ಹಸಿರು ಹುಳುಗಳನ್ನು ಬೆಳಿಗ್ಗೆ ಎಲೆಸಮೇತ ತೆಗೆದು ಬೇಲಿಯ ಬದಿಯ ನಾಲ್ಕು ಗಿಡಗಳ ಮೇಲೆ ಬಿಡುತ್ತೇನೆ. ಆ ಗಿಡಗಳಿಂದ ಹೂವು ಬಿಡಿಸುವುದಿಲ್ಲ, ಅವು ಹುಳುಗಳ ಪಾಲು. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಟೊಮೆಟೊ ಬೆಳೆಗಾರರಿಗೆ ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡುಹೂ ಹಾಕಲು ಹೇಳಿದ್ದಾರೆ. ಕಾಯಿಕೊರಕದ ಪತಂಗವು ಟೊಮೆಟೊ ಬಿಟ್ಟು ಚೆಂಡುಹೂವಿನ ಮೇಲೆ ಮೊಟ್ಟೆಯಿಡುವುದನ್ನು ಅವರು ಗಮನಿಸಿದ್ದರು. ಅಲ್ಲಿ ಅದು ಬಲೆ. ನನ್ನ ಬೇಲಿಯ ಬದಿಯಲ್ಲಿ ಅದನ್ನೇ ಅನ್ನಸತ್ರ ಮಾಡಲು ಯತ್ನಿಸಿದ್ದೇನೆ.

ನಾಲ್ಕನೆಯದು ಹೂ ಬಿಡಿಸುವುದರದು. ನಾವು ಒಂದು ಚೆಂಡುಹೂವೆಂದು ಕರೆಯುವುದು ನಿಜವಾಗಿ ಒಂದಲ್ಲ. ನೂರಾರು ಕಿರುಹೂಗಳು ಒಂದೇ ತಟ್ಟೆಯಲ್ಲಿ ಒತ್ತಾಗಿ ಕುಳಿತಿರುತ್ತವೆ. ಬೀಜ ಕಟ್ಟುವುದಾದರೆ ಒಂದೊಂದರ ಬುಡದಲ್ಲಿಯೂ ಒಂದೊಂದು ಬೀಜ. ಬಿಡಿಸಿದಷ್ಟೂ ಗಿಡ ಹೂ ಬಿಡುತ್ತದೆಂದು ನಾವು ಹಿಗ್ಗುತ್ತೇವೆ, ಗಿಡಕ್ಕೆ ಉಪಕಾರ ಮಾಡಿದೆವೆಂದೂ ಹೇಳಿಕೊಳ್ಳುತ್ತೇವೆ. ಗಿಡವು ಬೀಜ ಕಟ್ಟಲು ಹವಣಿಸುತ್ತದೆ, ನಾವು ತಡೆಯುತ್ತೇವೆ, ಅದು ಮತ್ತೆ ಯತ್ನಿಸುತ್ತದೆ. ಆ ಯತ್ನವೇ ನಮ್ಮ ಬುಟ್ಟಿ ತುಂಬುವುದು. ಇದನ್ನು ತಿಳಿದ ಮೇಲೆ ಬೇಕಾದಷ್ಟನ್ನೇ ಬಿಡಿಸುತ್ತೇನೆ. ಮಹಾವೀರಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿಯ ಅಮಾವಾಸ್ಯೆಯ ಅನಂತರ ಒಂದು ಹೂವನ್ನೂ ಮುಟ್ಟುವುದಿಲ್ಲ. ಅಲ್ಲಿಂದ ಮುಂದೆ ಗಿಡವು ತನ್ನ ಆಯುಷ್ಯವನ್ನು ತಾನೇ ಪೂರೈಸಿ ಬೀಜವಾಗಿ ಒಣಗುತ್ತದೆ. ಆ ಬೀಜವೇ ಮುಂದಿನ ವರ್ಷಕ್ಕೆ.

ಈ ಎಚ್ಚರ ಹಿತ್ತಲಿನಿಂದ ಅಂಗಡಿಗೂ ಬಂತು. ಆಯುಧಪೂಜೆಯ ದಿನ ನಮ್ಮ ಅಂಗಡಿಗೆ ಬಾಗಿಲಿನಿಂದ ತಕ್ಕಡಿಯವರೆಗೆ ಮಾರುಗಟ್ಟಲೆ ಚೆಂಡುಹೂವಿನ ಮಾಲೆ ಕಟ್ಟಿಸುತ್ತಿದ್ದೆವು. ಮರುದಿನ ಪೇಟೆಬೀದಿಯ ಉದ್ದಕ್ಕೂ ಬಾಡಿದ ಹೂವಿನ ರಾಶಿ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇವುಗಳನ್ನು ರತ್ನಕರಂಡಕವು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸುತ್ತದೆ. ಈಗ ನಮ್ಮ ಬಾಗಿಲಿಗೆ ಒಂದು ಮಾಲೆ. ಮೊದಲ ವರ್ಷ ಪಕ್ಕದ ಅಂಗಡಿಯವರು ವ್ಯಾಪಾರ ಇಳಿದಿರಬೇಕೆಂದು ಮರುಕದಿಂದ ವಿಚಾರಿಸಿದರು. ಆ ಮಾತನ್ನು ಕೇಳಿ ನನ್ನ ಮಾನಕಷಾಯ ಇನ್ನೂ ಸತ್ತಿಲ್ಲವೆಂದು ತಿಳಿದುಕೊಂಡೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿದೆ. ಚೆಂಡುಹೂವಿನ ಬೇರಿನಲ್ಲಿ ಮಣ್ಣಿನೊಳಗಿನ ಸೂಕ್ಷ್ಮ ಜಂತುಹುಳುಗಳನ್ನು ಕೊಲ್ಲುವ ದ್ರವ್ಯವಿದೆಯೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಬೇರುಗಂಟು ರೋಗ ತಡೆಯಲು ತರಕಾರಿಯ ನಡುವೆ ಇದನ್ನು ನೆಡುವುದು ಅದಕ್ಕಾಗಿಯೇ. ಹೂವಿಗಾಗಿ ನೆಟ್ಟಾಗ ಅದು ಹೂಗಿಡ. ಕೊಲ್ಲಲೆಂದು ಬದನೆಯ ಪಕ್ಕದಲ್ಲಿ ನೆಟ್ಟಾಗ ಅದೇ ಗಿಡ ಆಯುಧ. ಆದರೆ ಮಣ್ಣಿನೊಳಗಿನ ಜಂತುವಿಗೆ ನನ್ನ ಉದ್ದೇಶದ ಭೇದ ತಿಳಿಯದು. ನಾನು ಬದನೆಯ ಪಕ್ಕದಲ್ಲಿ ನೆಡುವುದಿಲ್ಲ, ಆದರೂ ನೆಡುತ್ತೇನೆ. ಉದ್ದೇಶ ಶುದ್ಧವಾಗಿದ್ದರೆ ಎಲ್ಲವೂ ಶುದ್ಧವೆಂದು ಹೇಳಿ ಈ ಪ್ರಶ್ನೆಯನ್ನು ಮುಚ್ಚಿಹಾಕುವ ಧೈರ್ಯ ನನಗಿಲ್ಲ. ಒಮ್ಮೆ ಹಾಗೆ ಖಾತೆ ಬದಲಾಯಿಸಿ ಬರೆದವನಲ್ಲವೇ ನಾನು! ಅಣುವ್ರತದ ಅಣು ಎಂಬ ಶಬ್ದದಲ್ಲಿ ನಮಗೆ ಸಿಕ್ಕಿರುವುದು ರಿಯಾಯಿತಿಯೆಂದು ಬಹುಕಾಲ ತಿಳಿದಿದ್ದೆ. ಅದು ಬಾಕಿಯ ನೆನಪು ಎಂದು ಈಗ ತೋರುತ್ತದೆ. ಬಾಕಿಯಿದೆಯೆಂದು ಬಲ್ಲವನು ಮುಂದಿನ ಹೆಜ್ಜೆಯನ್ನು ನೋಡಿ ಇಡುತ್ತಾನೆ.

ಕಳೆದ ದಶಲಕ್ಷಣ ಪರ್ವದಲ್ಲಿ ನಮ್ಮ ಮನೆಯಿಂದ ದಿನಕ್ಕೊಂದರಂತೆ ಹತ್ತು ಹೂವು ಹೋದವು. ಉತ್ತಮ ಮಾರ್ದವದ ದಿನ ಕೊಂಡೊಯ್ದ ಹೂವಿನಲ್ಲಿ ಹುಳು ತಿಂದ ಗುರುತಿತ್ತು. ಜೊತೆಗೆ ಬಂದ ಮೊಮ್ಮಗಳು, "ತಾತ, ಇದು ಎಂಜಲಾಗಿದೆಯಲ್ಲ, ಸ್ವಾಮಿಗೆ ಇಡಬಹುದೇ?" ಎಂದು ಕೇಳಿದಳು. ಅರ್ಪಿಸುವ ವಸ್ತು ಅಕ್ಷತವಾಗಿರಬೇಕೆಂಬ ನಿಯಮ ನನಗೂ ಗೊತ್ತು. ಪುರೋಹಿತರ ಮುಖ ನೋಡಿದೆ. ಅವರು ಹೂವನ್ನು ತಿರುಗಿಸಿ ನೋಡಿ, ಆ ಎಸಳುಗಳನ್ನು ಮೆಲ್ಲನೆ ತೆಗೆದು, ಉಳಿದುದನ್ನು ಪೀಠದ ಮುಂದೆ ಇಟ್ಟರು. ತೆಗೆದ ಎಸಳುಗಳನ್ನು ಮಗುವಿನ ಕೈಗೆ ಕೊಟ್ಟು, ಬೇಲಿಯ ಬದಿಯ ಗಿಡದ ಬುಡಕ್ಕೆ ಹಾಕಮ್ಮ ಎಂದರು. ಆ ಸಂಜೆ ಆಕೆ ಹಿತ್ತಲಿನ ಬಾಗಿಲು ತೆರೆದಳು. ನಾನೂ ಹಿಂದೆಯೇ ಹೋದೆ.

ವಿಷಯಪ್ರತಿಪಾದನೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ವಿನಂತಿ.